ಅಂಗಡಿಯ ತ್ರಿಕೋನವೂ ರಟ್ಟಿನ ತ್ರಿಕೋನವೂ

ಶಾಲೆಗೆ ಸೇರುವ ಮೊದಲಿನ ಮಕ್ಕಳೊಂದಿಗೆ, ಅಂದರೆ ಮೂರರಿಂದ ಐದರ ವಯಸ್ಸಿನವರೊಂದಿಗೆ, ನನ್ನ ದಿನಗಳು ಕಳೆಯುತ್ತವೆ. ಇದು ತಿಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಟೀಚರ್, ಆಕಾರಗಳನ್ನು ಕಲಿಸುವುದಕ್ಕೆ ಅಂಗಡಿಯಲ್ಲಿ ಬಣ್ಣಬಣ್ಣದ ಆಟಿಕೆಗಳು ಬೇಕಾದಷ್ಟು ಸಿಗುತ್ತವಲ್ಲ, ನೀವೇಕೆ ರಟ್ಟು ಕತ್ತರಿಸುತ್ತಾ ಕೂರುತ್ತೀರಿ?" ಕೆಲವರು ಬಾಯಿಬಿಟ್ಟು ಕೇಳುವುದಿಲ್ಲ. ನನ್ನ ಮೇಜಿನ ಕೆಳಗೆ ಪೇರಿಸಿಟ್ಟ ಖಾಲಿ ಪೆಟ್ಟಿಗೆ, ಡಬ್ಬ, ಕಾಗದದ ಕೊಳವೆಗಳನ್ನು ನೋಡಿ ಹುಬ್ಬೇರಿಸುತ್ತಾರೆ. ಆ ಹುಬ್ಬಿನಲ್ಲಿರುವುದೂ ಇದೇ ಪ್ರಶ್ನೆ.

ದುಡ್ಡು ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ ಎಂದು ನಾನು ಹೇಳುತ್ತೇನೆಂದು ಅವರು ಕಾದಿರುತ್ತಾರೆ. ಎರಡೂ ನಿಜವೇ. ಆದರೆ ದುಡ್ಡು ಉಳಿಯದಿದ್ದರೂ, ಕಸ ಕಡಿಮೆಯಾಗದಿದ್ದರೂ ನಾನು ರಟ್ಟನ್ನೇ ಕತ್ತರಿಸುತ್ತಿದ್ದೆ. ಅದಕ್ಕೆ ಕಾರಣ ಒಂದು ತ್ರಿಕೋನ.

ನಾಲ್ಕು ತುಂಬಿದ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದಾಗಲೇ ಆಕಾರಗಳ ಹೆಸರನ್ನೆಲ್ಲ ಪಟಪಟನೆ ಹೇಳುತ್ತಿದ್ದಳು. ವೃತ್ತ, ಚೌಕ, ಆಯತ, ತ್ರಿಕೋನ, ನಕ್ಷತ್ರ, ಹೃದಯ. ಅವಳ ತಾಯಿಗೆ ಹೆಮ್ಮೆ, ಅದು ಸಹಜವೂ ಹೌದು. ಒಂದು ದಿನ ನಾನು ಕಾಗದದ ಮೇಲೆ ಉದ್ದನೆಯ, ಸಣಕಲು ತ್ರಿಕೋನವೊಂದನ್ನು ತುದಿ ಕೆಳಗೆ ಬರುವಂತೆ ಬರೆದು ಇದೇನು ಎಂದು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಇದು ಮುಳ್ಳು" ಎಂದಳು. ತ್ರಿಕೋನ ಅಲ್ಲವೇ ಎಂದೆ. "ಅಲ್ಲ. ತ್ರಿಕೋನ ಹೀಗಿರುತ್ತದೆ" ಎಂದು ಎರಡು ಅಂಗೈಗಳ ತುದಿಗಳನ್ನು ಕೂಡಿಸಿ ತಲೆಯ ಮೇಲೆ ಮನೆಯ ಮಾಡಿನಂತೆ ಹಿಡಿದಳು. ಆಮೇಲೆ ಚೌಕದ ಹಲಗೆಯೊಂದನ್ನು ಎತ್ತಿ ಮೂಲೆಯ ಮೇಲೆ ನಿಲ್ಲಿಸಿದೆ. ಅರೆಗಳಿಗೆಯ ಹಿಂದೆ ಚೌಕವಾಗಿದ್ದದ್ದು ಈಗ ಅವಳಿಗೆ ಗಾಳಿಪಟವಾಗಿತ್ತು. ಹಲಗೆಯನ್ನು ತಿರುಗಿಸಿ ಮೊದಲಿನಂತೆ ಇಟ್ಟೆ. ಮತ್ತೆ ಚೌಕ.

ಅವಳು ತಪ್ಪು ಕಲಿತಿರಲಿಲ್ಲ. ತೋರಿಸಿದ್ದನ್ನು ಚಾಚೂ ತಪ್ಪದೆ ಕಲಿತಿದ್ದಳು. ಅವಳ ಮನೆಯಲ್ಲಿದ್ದ ಆಟಿಕೆಯಲ್ಲಿ ತ್ರಿಕೋನವಿದ್ದದ್ದು ಒಂದೇ: ಮೂರೂ ಬದಿ ಸಮ, ಮೂಗು ಮೇಲಕ್ಕೆ, ಬಣ್ಣ ಕೆಂಪು. ಗೋಡೆಗೆ ಹಚ್ಚಿದ ಚಿತ್ರಪಟದಲ್ಲೂ ಅದೇ. ಪುಸ್ತಕದಲ್ಲೂ ಅದೇ. ಹೀಗಿರುವಾಗ ತ್ರಿಕೋನವೆಂದರೆ "ಮೂಗು ಮೇಲಕ್ಕಿರುವ ಕೆಂಪು ವಸ್ತು" ಎಂದು ಅವಳು ತೀರ್ಮಾನಿಸಿದ್ದರೆ ಅದರಲ್ಲಿ ಬುದ್ಧಿವಂತಿಕೆಯೇ ಇದೆ. ಡಚ್ ಗಣಿತ ಶಿಕ್ಷಕ ದಂಪತಿ ಪಿಯೆರ್ ಮತ್ತು ಡಿನಾ ವಾನ್ ಹೀಲೆ 1957ರಲ್ಲಿ ತಮ್ಮ ಸಂಶೋಧನಾ ಪ್ರಬಂಧಗಳಲ್ಲಿ ರೇಖಾಗಣಿತದ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು. ಅದರ ಮೊದಲ ಮೆಟ್ಟಿಲು ಇದೇ. ಇಲ್ಲಿ ಮಗು ಆಕಾರವನ್ನು ಇಡಿಯಾಗಿ, ಒಂದು ಮುಖವನ್ನು ಗುರುತಿಸುವಂತೆ ಗುರುತಿಸುತ್ತದೆ. ಬಾಗಿಲಿನಂತಿದೆ, ಆದ್ದರಿಂದ ಆಯತ. ಎಷ್ಟು ಬದಿ, ಎಷ್ಟು ಮೂಲೆ ಎಂದು ಬಿಡಿಸಿ ನೋಡುವುದು ಮುಂದಿನ ಮೆಟ್ಟಿಲು. ವಯಸ್ಸಾದಂತೆ ಮಗು ಅಲ್ಲಿಗೆ ತಾನಾಗಿ ಏರಿಬಿಡುವುದಿಲ್ಲ, ಏರುವುದಕ್ಕೆ ತಕ್ಕ ಅನುಭವ ಬೇಕು ಎಂಬುದು ಆ ದಂಪತಿಯ ವಾದ.

ಅಂದು ಸಂಜೆ ಪಾರ್ಸೆಲ್ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಏಳು ತ್ರಿಕೋನಗಳನ್ನು ಕತ್ತರಿಸಿದೆ. ಒಂದು ಸಣಕಲು, ಒಂದು ಕುಳ್ಳ, ಒಂದು ಒಂದೇ ಕಡೆಗೆ ವಾಲಿದ್ದು, ಒಂದು ಬಿರುಗಾಳಿಗೆ ಸಿಕ್ಕಿದಂತಿರುವುದು. ಎಲ್ಲಕ್ಕೂ ರಟ್ಟಿನದೇ ಕಂದು ಬಣ್ಣ, ಬಣ್ಣ ನೋಡಿ ಹೇಳುವುದಕ್ಕೆ ದಾರಿಯೇ ಇಲ್ಲ. ಜೊತೆಗೆ ಮೂರು ಕಳ್ಳರನ್ನೂ ಕತ್ತರಿಸಿದೆ. ಮೊದಲನೆಯದು ಅಚ್ಚುಕಟ್ಟಾದ ಸಮತ್ರಿಕೋನದಂತೆಯೇ ಕಾಣುತ್ತದೆ, ಆದರೆ ಒಂದು ಬದಿ ಹೊಟ್ಟೆಯಂತೆ ಉಬ್ಬಿದೆ. ಎರಡನೆಯದರ ತುದಿಯನ್ನು ಕಿರುಬೆರಳಿನ ಉಗುರಿನಷ್ಟು ಹಾರಿಸಿದ್ದೆ, ಅಂದರೆ ಅದಕ್ಕೆ ನಾಲ್ಕು ಮೂಲೆ. ಮೂರನೆಯದರ ಮೂಲೆಗಳೆಲ್ಲ ದುಂಡಗೆ. ಮರುದಿನ ನೆಲದ ಮೇಲೆ ದಾರದಿಂದ ಒಂದು ಮನೆ ಮಾಡಿ, ಇದು ತ್ರಿಕೋನಗಳ ಮನೆ, ಯಾರು ಒಳಗೆ ಬರಬಹುದು, ಯಾರು ಬರಬಾರದು ನೀವೇ ಹೇಳಿ ಎಂದೆ. ಅಷ್ಟೇ ನಾನು ಮಾಡಿದ್ದು. ಮುಂದಿನ ಅರ್ಧ ಗಂಟೆ ನಡೆದ ಜಗಳವನ್ನು ಯಾವ ಪಾಠವೂ ಹುಟ್ಟಿಸಲಾರದು. ಉಬ್ಬುಹೊಟ್ಟೆಯದನ್ನು ಹೆಚ್ಚಿನವರು ಒಳಗೆ ಬಿಟ್ಟುಕೊಂಡರು. ಸಣಕಲನ್ನು ಒಕ್ಕೊರಲಿನಿಂದ ಹೊರಗಟ್ಟಿದರು. ಆಮೇಲೆ ಒಬ್ಬ ಹುಡುಗ ಸಣಕಲಿನ ಮೂಲೆಗಳನ್ನು ಮುಟ್ಟಿ ಮುಟ್ಟಿ "ಇದಕ್ಕೂ ಮೂರು ಚುಚ್ಚುತ್ತವೆ" ಎಂದ. ಮುಳ್ಳೆಂದಿದ್ದ ಹುಡುಗಿ ಅದನ್ನು ಕಸಿದುಕೊಂಡು ತಾನೂ ಚುಚ್ಚಿ ನೋಡಿದಳು. ತುಸು ಹೊತ್ತು ಸುಮ್ಮನಿದ್ದು, ಒಪ್ಪಲು ಮನಸ್ಸಿಲ್ಲದವಳಂತೆ, ಮನೆಯ ಬಾಗಿಲ ಬಳಿ ಇಟ್ಟಳು. ಒಳಗೂ ಅಲ್ಲ, ಹೊರಗೂ ಅಲ್ಲ. ಅಂದಿನ ಮಟ್ಟಿಗೆ ನನಗೆ ಅಷ್ಟು ಸಾಕಾಗಿತ್ತು.

ನನ್ನ ಉತ್ತರ ಇದೇ. ಮಗು ಇವತ್ತು ಎಲ್ಲಿ ಎಡವಿತೋ ಆ ಜಾಗಕ್ಕೆ ಬೇಕಾದ ಆಕಾರವನ್ನು ಇವತ್ತು ಸಂಜೆಯೇ ಕತ್ತರಿಸಿಕೊಳ್ಳಬಹುದು. ಕಾರ್ಖಾನೆಯಿಂದ ಬರುವ ಆಟಿಕೆಗೆ ಆ ಸ್ವಾತಂತ್ರ್ಯವಿಲ್ಲ. ಅದು ಸಾವಿರಾರು ಮಕ್ಕಳಿಗೆ ಒಂದೇ ತ್ರಿಕೋನವನ್ನು ಕೊಡಬೇಕು, ಆದ್ದರಿಂದ ಎಲ್ಲರೂ ತಕರಾರಿಲ್ಲದೆ ಒಪ್ಪುವ ತ್ರಿಕೋನವನ್ನೇ ಕೊಡುತ್ತದೆ.

ನಮ್ಮ ಭಾಷೆ ಇಲ್ಲಿ ನಮಗೊಂದು ಸಹಾಯ ಮಾಡಿದೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಮನೆಮಾತಿನಲ್ಲಿ ತ್ರಿಕೋನ ಎನ್ನುತ್ತೇವೆ, ಗಣಿತ ಪುಸ್ತಕ ತ್ರಿಭುಜ ಎನ್ನುತ್ತದೆ. ಒಂದು ಹೆಸರು ಮೂಲೆಗಳನ್ನು ಎಣಿಸುತ್ತದೆ, ಇನ್ನೊಂದು ತೋಳುಗಳನ್ನು. ಎರಡೂ ಹೆಸರನ್ನು ಮಕ್ಕಳಿಗೆ ಹೇಳಿ ಏಕೆ ಎಂದು ವಿವರಿಸಿದರೆ ಅವರಿಗೆ ಖುಷಿ. ಹೆಸರಿನೊಳಗೇ ಲೆಕ್ಕ ಅಡಗಿದೆ ಎಂಬುದು ಐದು ವರ್ಷದವರಿಗೆ ಗುಟ್ಟೊಂದು ಸಿಕ್ಕಂತೆ.

ಇನ್ನು ಪ್ರತಿಯೊಂದು ಮನೆಯಲ್ಲೂ ಮೊದಲು ಕೊಳ್ಳುವ ಆಟಿಕೆಯ ವಿಷಯ: ಮೇಲೆ ತೂತುಗಳಿರುವ ಪೆಟ್ಟಿಗೆ, ಒಳಗೆ ಹಾಕಲು ಬೇರೆ ಬೇರೆ ಆಕಾರದ ತುಂಡುಗಳು. ಇದನ್ನು ರಟ್ಟಿನಲ್ಲಿ ಮಾಡುವುದು ಸುಲಭ ಎಂದು ಎಲ್ಲರೂ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ನನ್ನ ಮೊದಲ ಪೆಟ್ಟಿಗೆಯನ್ನು ಎರಡೂವರೆ ವರ್ಷದ ಪೋರನೊಬ್ಬ ಹತ್ತು ನಿಮಿಷದಲ್ಲಿ ಸೋಲಿಸಿದ. ವೃತ್ತವನ್ನು ಚೌಕದ ತೂತಿಗೆ ಹಾಕಿದ, ಹೋಯಿತು. ತ್ರಿಕೋನವನ್ನೂ ಅದಕ್ಕೇ ಹಾಕಿದ, ಹೋಯಿತು. ಚೌಕವಂತೂ ಹೋಗಲೇಬೇಕು. ಆಮೇಲೆ ಅವನು ಉಳಿದ ತೂತುಗಳ ಕಡೆ ತಿರುಗಿಯೂ ನೋಡಲಿಲ್ಲ. ಚೌಕದ ತೂತು ಎಲ್ಲವನ್ನೂ ನುಂಗುತ್ತದೆ ಎಂಬ ಅವನ ಸಂಶೋಧನೆ ಸರಿಯಾಗಿಯೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಮಗುವನ್ನು ದೂರುವ ಹಾಗಿರಲಿಲ್ಲ, ಅಳತೆ ನನ್ನದೇ.

ಎಲ್ಲ ಆಕಾರಗಳಿಗೂ ಐದೈದು ಸೆಂಟಿಮೀಟರ್ ಅಳತೆ ಇಟ್ಟದ್ದು ನನ್ನ ತಪ್ಪು. ಚೌಕದ ಬದಿಯಷ್ಟೇ ವ್ಯಾಸವಿರುವ ವೃತ್ತ ಆ ಚೌಕದೊಳಗೆ ನಿರಾತಂಕವಾಗಿ ಹೋಗುತ್ತದೆ. ಅಷ್ಟೇ ಬದಿಯ ತ್ರಿಕೋನವೂ ಹೋಗುತ್ತದೆ. ಈಗ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ: ವೃತ್ತದ ವ್ಯಾಸ 5 ಸೆಂ.ಮೀ., ಚೌಕದ ಬದಿ 4.5 ಸೆಂ.ಮೀ., ಸಮತ್ರಿಕೋನದ ಬದಿ 6 ಸೆಂ.ಮೀ. ತೂತುಗಳನ್ನು ಇವಕ್ಕಿಂತ ಎರಡರಿಂದ ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕೊರೆಯಬೇಕು. ವೃತ್ತ ಚೌಕದಲ್ಲಿ ಹಿಡಿಯುವುದಿಲ್ಲ, ಚೌಕದ ಕರ್ಣ ವೃತ್ತಕ್ಕೆ ಅಡ್ಡ ಬರುತ್ತದೆ, ತ್ರಿಕೋನ ಇವೆರಡರಲ್ಲೂ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮುಖ್ಯ ಸಂಗತಿ ದಪ್ಪ. ಒಂದೇ ಪದರದ ರಟ್ಟನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದು ಅಂಚೆಪೆಟ್ಟಿಗೆಗೆ ಹಾಕಿದ ಕಾಗದದ ಹಾಗೆ ಯಾವ ತೂತಿನಲ್ಲಾದರೂ ಜಾರಿಹೋಗುತ್ತದೆ. ಇದನ್ನೂ ಅದೇ ಪೋರ ತೋರಿಸಿಕೊಟ್ಟ. ಹಾಗಾಗಿ ಒಂದೇ ಆಕಾರದ ಎಂಟು ಹತ್ತು ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಮೂರು ಸೆಂಟಿಮೀಟರ್ ದಪ್ಪ ಬರುವವರೆಗೆ ಪೇರಿಸಿ, ರಾತ್ರಿಯಿಡೀ ಭಾರವಾದ ಪುಸ್ತಕಗಳ ಕೆಳಗೆ ಇಡಬೇಕು. ಏರುಪೇರು ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಸುತ್ತಲೂ ಕಾಗದದ ಪಟ್ಟಿ ಅಂಟಿಸಿದರೆ ತುಂಡು ಮರದಷ್ಟು ಗಟ್ಟಿಯಾಗುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಈ ಆಟಿಕೆಯ ಜೀವವೇ ಹೊಂದುವುದು ಮತ್ತು ಹೊಂದದಿರುವುದು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದಲ್ಲಿ "ಮಕ್ಕಳ ಮನೆ" ಎಂಬ ತಮ್ಮ ಮೊದಲ ಶಾಲೆ ತೆರೆದಾಗ ಅಲ್ಲಿನ ಸಾಮಗ್ರಿಗಳಿಗೆ ಹಾಕಿಕೊಂಡ ನಿಯಮಗಳಲ್ಲಿ ಒಂದು, ತಪ್ಪನ್ನು ಸಾಮಗ್ರಿಯೇ ತೋರಿಸಬೇಕು ಎಂಬುದು. ಶಿಕ್ಷಕಿ "ಅಲ್ಲ" ಎನ್ನಬೇಕಾಗಿಲ್ಲ. ತುಂಡು ಕೂರುವುದಿಲ್ಲ, ಮಗು ತಿರುಗಿಸಿ ನೋಡುತ್ತದೆ. ನಾವು ಪಕ್ಕದಲ್ಲಿ ಕೂತು "ಅದಲ್ಲ ಪುಟ್ಟಾ, ಇದು, ಇಲ್ಲಿ" ಎಂದು ಬೆರಳು ತೋರಿಸಿದ ಕೂಡಲೇ ಮಗು ತೂತನ್ನು ನೋಡುವುದನ್ನು ಬಿಟ್ಟು ನಮ್ಮ ಮುಖ ನೋಡತೊಡಗುತ್ತದೆ. ಆಮೇಲೆ ಅದು ಕಲಿಯುವುದು ನಮ್ಮ ಮುಖವನ್ನು ಓದುವುದನ್ನು. ಮಾಂಟೆಸ್ಸರಿ ಅವರ ಇನ್ನೊಂದು ಅಭ್ಯಾಸವನ್ನೂ ನಾನು ಎರವಲು ಪಡೆದಿದ್ದೇನೆ. ತುಂಡನ್ನು ಹಾಕುವ ಮೊದಲು ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ ಅಂಚಿನ ಮೇಲೆ ಒಂದು ಸುತ್ತು ಓಡಿಸುವುದು. ಓಡುತ್ತಿರುವ ಬೆರಳು ಮೂಲೆ ಬಂದಲ್ಲಿ ನಿಲ್ಲುತ್ತದೆ, ತಿರುಗುತ್ತದೆ. ವೃತ್ತದಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. "ಮೂಲೆ" ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಹೆತ್ತವರು ಮಾಡುವ ಒಂದು ಸಣ್ಣ ಎಡವಟ್ಟಿನ ಬಗ್ಗೆಯೂ ಹೇಳಬೇಕು. ಚೆಂಡು ತೋರಿಸಿ ವೃತ್ತ ಎನ್ನುತ್ತಾರೆ, ಪೆಟ್ಟಿಗೆ ತೋರಿಸಿ ಚೌಕ ಎನ್ನುತ್ತಾರೆ. ಚೆಂಡು ಗೋಲ, ಪೆಟ್ಟಿಗೆ ಘನಾಕೃತಿ. ವೃತ್ತ, ಚೌಕಗಳು ಚಪ್ಪಟೆಯಾದವು, ಅವು ವಸ್ತುಗಳ ಮುಖದ ಮೇಲೆ ಇರುತ್ತವೆ. ಮೂರು ವರ್ಷದ ಮಗುವಿಗೆ ಗೋಲ, ಸಿಲಿಂಡರ್ ಎಂಬ ಪದಗಳನ್ನು ಉರು ಹೊಡೆಸಬೇಕೆಂದು ನನ್ನ ಮಾತಿನ ಅರ್ಥವಲ್ಲ. ಆದರೆ ಡಬ್ಬದ ಮುಚ್ಚಳ ಹಿಡಿದು "ಇದರ ಅಂಚು ವೃತ್ತ" ಎನ್ನುವುದಕ್ಕೆ ನಮಗೇನೂ ಖರ್ಚಿಲ್ಲ.

ಮಕ್ಕಳ ಕೈಗೆ ಮೊದಲು ಸಿಗುವುದು ಘನವಾದ ವಸ್ತುಗಳೇ. ಫ್ರೆಡ್ರಿಕ್ ಫ್ರೋಬೆಲ್ ಇದನ್ನು ಬಲ್ಲವರಾಗಿದ್ದರು. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಅವರು ಆರಂಭಿಸಿದ ಕೆಲಸವೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. ಮಕ್ಕಳಿಗಾಗಿ ಅವರು ರೂಪಿಸಿದ ಆಟಿಕೆಗಳ ಸರಣಿಯಲ್ಲಿ ಎರಡನೆಯದು ಮರದ ಮೂರು ತುಂಡುಗಳು: ಗೋಲ, ಘನ (ಆರೂ ಮುಖ ಚೌಕವಾಗಿರುವ ತುಂಡು), ಇವೆರಡರ ನಡುವಿನ ಸಿಲಿಂಡರ್. ಗೋಲ ಎಲ್ಲ ಕಡೆಗೂ ಉರುಳುತ್ತದೆ, ಘನ ಎಲ್ಲಿ ಇಟ್ಟರೂ ಕೂರುತ್ತದೆ, ಸಿಲಿಂಡರ್ ಉರುಳುತ್ತದೆ, ಕೂರುವುದೂ ಗೊತ್ತು. ಫ್ರೋಬೆಲ್ ಅವರ ಸಮಾಧಿಯ ಮೇಲೂ ಇವೇ ಮೂರು ಆಕಾರದ ಕಲ್ಲುಗಳಿವೆ, ಕೆಳಗೆ ಘನ, ನಡುವೆ ಸಿಲಿಂಡರ್, ಮೇಲೆ ಗೋಲ. ಆಟಿಕೆ ಮಾಡಿದವನಿಗೆ ಆಟಿಕೆಯದೇ ಸ್ಮಾರಕ. ನನಗೆ ಇದಕ್ಕಿಂತ ಒಳ್ಳೆಯ ಗೋರಿ ಗೊತ್ತಿಲ್ಲ.

ಆ ಮರದ ತುಂಡುಗಳನ್ನು ದಾರದಿಂದ ತೂಗುಹಾಕಿ ತಿರುಗಿಸುವ ಆಟವೂ ಅದರಲ್ಲಿತ್ತು. ಅದನ್ನು ಮಾಡಲು ಮರ ಬೇಕಾಗಿಲ್ಲ. ಎಲ್ಲ ಬದಿಯೂ ಹೆಚ್ಚುಕಡಿಮೆ ಸಮವಿರುವ ಒಂದು ರಟ್ಟಿನ ಪೆಟ್ಟಿಗೆ ಹುಡುಕಿ. ಕಾಫಿ ಕುಡಿಯುವ ಕಪ್ ಬರುವ ಪೆಟ್ಟಿಗೆ ಆಗುತ್ತದೆ. ಒಂದು ಮುಖದ ನಟ್ಟನಡುವೆ ಸಣ್ಣ ತೂತು ಮಾಡಿ ದಾರ ತೂರಿಸಿ, ಒಳಗೆ ಗಂಟು ಹಾಕಿ, ಪೆಟ್ಟಿಗೆ ಮುಚ್ಚಿ. ದಾರ ಹಿಡಿದು ಪೆಟ್ಟಿಗೆಯನ್ನು ನಲವತ್ತು ಐವತ್ತು ಸಲ ಒಂದೇ ದಿಕ್ಕಿಗೆ ಹುರಿಗೊಳಿಸಿ ಬಿಡಿ. ವೇಗ ಹಿಡಿದ ಕೂಡಲೇ ಮೂಲೆಗಳು ಕರಗಿಹೋಗುತ್ತವೆ. ಕಣ್ಣೆದುರಿಗೆ ಇರುವುದು ದುಂಡನೆಯ ಕಂಬ. ವೇಗ ಇಳಿದಂತೆ ಮೂಲೆಗಳು ಮತ್ತೆ ಒಂದೊಂದಾಗಿ ಹೊರಬರುತ್ತವೆ. ಪೆಟ್ಟಿಗೆಯನ್ನು ಮೂಲೆಯಿಂದ ತೂಗುಹಾಕಿದರೆ ಮೇಲೂ ಕೆಳಗೂ ಶಂಕುವಿನಂತೆ ಚೂಪಾಗಿ, ನಡು ಬಳುಕಿದಂತೆ ಬೇರೆಯೇ ಆಕೃತಿ. ಮೊದಲ ಸಲ ನೋಡಿದ ಮಕ್ಕಳು ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸಿ, ಮೂಲೆಗಳು ಇನ್ನೂ ಇವೆಯೇ ಎಂದು ಮುಟ್ಟಿ ನೋಡುತ್ತಾರೆ. ನಾನೂ ಮುಟ್ಟಿ ನೋಡಿದ್ದೆ, ಆಗ ನನಗೆ ಮೂವತ್ತು ದಾಟಿತ್ತು.

ಬಿಚ್ಚುವ ಆಟವೂ ಇದೆ. ಪ್ಲಾಸ್ಟಿಕ್ ಆಟಿಕೆಯನ್ನು ಬಿಚ್ಚಿದರೆ ಬೈಗುಳ ಗ್ಯಾರಂಟಿ. ಟೂತ್‌ಪೇಸ್ಟ್ ಪೆಟ್ಟಿಗೆಯನ್ನು ಬಿಚ್ಚಿದರೆ ಯಾರೂ ಬೈಯುವುದಿಲ್ಲ. ಅಂಟಿರುವ ಅಂಚನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿ ಪೆಟ್ಟಿಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ. ನಾಲ್ಕು ಉದ್ದನೆಯ ಆಯತಗಳು ಅಕ್ಕಪಕ್ಕ, ತುದಿಗಳಲ್ಲಿ ಪುಟ್ಟ ಮುಚ್ಚಳಗಳು, ಒಂದು ಅಂಟಿಸುವ ಪಟ್ಟಿ. ಉಬ್ಬಿದ ವಸ್ತುವಿನೊಳಗೆ ಇಷ್ಟೊಂದು ಚಪ್ಪಟೆ ಅಡಗಿತ್ತು ಎಂಬುದು ಮಕ್ಕಳಿಗೆ ಹಾಗೆಯೇ ಕಾಣುತ್ತದೆ. ಅದನ್ನು ಒಳಹೊರಗು ಮಾಡಿ, ಅಚ್ಚಿಲ್ಲದ ಬದಿ ಹೊರಗೆ ಬರುವಂತೆ ಮತ್ತೆ ಮಡಚಿ, ಒಳಗೆ ಹಳೆಯ ಪತ್ರಿಕೆ ತುರುಕಿ ಅಂಟಿಸಿದರೆ ಕಟ್ಟುವ ಆಟಕ್ಕೆ ಗಟ್ಟಿಯಾದ ಇಟ್ಟಿಗೆ ಸಿದ್ಧ. ಜಾಹೀರಾತು ಒಳಗೆ ಹೋಗುತ್ತದೆ ಎಂಬುದು ಹೆಚ್ಚುವರಿ ಲಾಭ.

ಟಿಶ್ಯೂ ಸುರುಳಿ ಮುಗಿದ ಮೇಲೆ ಉಳಿಯುವ ಕಾಗದದ ಕೊಳವೆ ಇದಕ್ಕಿಂತಲೂ ತಮಾಷೆಯದು. ಉದ್ದಕ್ಕೆ ನೇರವಾಗಿ ಕತ್ತರಿಸಿ ಬಿಡಿಸಿದರೆ ಆಯತ ಬರುತ್ತದೆ. ಆದರೆ ಕೊಳವೆಯ ಮೈಮೇಲೆ ಓರೆಯಾಗಿ ಸುತ್ತಿಕೊಂಡು ಹೋಗುವ ಒಂದು ಗೆರೆ ಇದೆ, ಕಾಗದದ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಅಂಟಿಸಿದ ಗುರುತು. ಆ ಗೆರೆಯ ಜಾಡು ಹಿಡಿದು ಬಿಡಿಸುತ್ತಾ ಹೋಗಿ. ಕೈಗೆ ಸಿಗುವುದು ಓರೆಯಾಗಿ ತಳ್ಳಿದ ಆಯತದಂಥದ್ದು, ಸಮಾಂತರ ಚತುರ್ಭುಜ. ಹೆಸರು ಮಕ್ಕಳಿಗೆ ಬೇಡ. ಅದೇ ಕೊಳವೆ, ಎರಡು ಬಗೆಯ ಬಿಡಿಸುವಿಕೆ, ಎರಡು ಆಕಾರ ಎಂಬುದನ್ನು ನೋಡಿದರೆ ಸಾಕು. ಇನ್ನೊಂದು ಕೊಳವೆಯ ತುದಿಯನ್ನು ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ವೃತ್ತದ ಅಚ್ಚು, ತುಸು ಹಿಚುಕಿ ಒತ್ತಿದರೆ ಮೊಟ್ಟೆಯಾಕಾರ, ನಾಲ್ಕು ಕಡೆ ಮಡಿಕೆ ಹಾಕಿ ಒತ್ತಿದರೆ ಚೌಕ. ಆಕಾರ ಅನ್ನುವುದು ಬದಲಾಗುವ ಸಂಗತಿ ಎಂಬುದನ್ನು ಹೃದಯ, ನಕ್ಷತ್ರಗಳ ಸಿದ್ಧ ಅಚ್ಚುಗಳು ಹೀಗೆ ತೋರಿಸಲಾರವು.

ನನ್ನ ಪಾಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವುದು ಕಡ್ಡಿಗಳ ಆಟ. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಂದ ಜೋಡಿಸಿ ಆಕಾರಗಳನ್ನು ಕಟ್ಟುವ ವಿಧಾನವನ್ನು ದೇಶದ ಶಾಲೆಗಳಿಗೆಲ್ಲ ಪರಿಚಯಿಸಿದವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರ್, ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರು, 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಯ ಆಟ ತುಸು ದೊಡ್ಡ ಮಕ್ಕಳದು. ಪುಟ್ಟ ಬೆರಳುಗಳಿಗಾಗಿ ನಾನು ಹಳೆಯ ಪತ್ರಿಕೆಯ ಕೊಳವೆಗಳನ್ನು ಮಾಡುತ್ತೇನೆ. ಹಾಳೆಯನ್ನು ಮೂಲೆಯಿಂದ ಹಿಡಿದು ತೆಳ್ಳನೆಯ ಕೋಲಿನ ಸುತ್ತ ಬಿಗಿಯಾಗಿ ಸುತ್ತಿ, ತುದಿಗೆ ಗೋಂದು ಹಚ್ಚಿ, ಕೋಲನ್ನು ಎಳೆದುಬಿಡುವುದು. ಎಲ್ಲ ಕೊಳವೆಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಮೂರರೊಳಗೆ ದಾರ ಪೋಣಿಸಿ ಎಳೆದು ಗಂಟು ಹಾಕಿದರೆ ತ್ರಿಕೋನ. ನಾಲ್ಕರಲ್ಲಿ ಪೋಣಿಸಿದರೆ ಚೌಕ.

ಚೌಕವನ್ನು ಎತ್ತಿ ಹಿಡಿಯಿರಿ. ಅದು ನಿಲ್ಲುವುದಿಲ್ಲ. ಒಂದು ಕಡೆಗೆ ವಾಲಿ ವಜ್ರಾಕೃತಿಯಾಗುತ್ತದೆ, ಇನ್ನಷ್ಟು ವಾಲಿ ಮಡಚಿಕೊಂಡು ಕಡ್ಡಿಗಳ ಕಟ್ಟಾಗುತ್ತದೆ. ತ್ರಿಕೋನವನ್ನು ಎಷ್ಟು ತಳ್ಳಿದರೂ ಅದು ಜಗ್ಗುವುದಿಲ್ಲ. ಮೂರು ಬದಿಗಳ ಉದ್ದ ಗೊತ್ತುಮಾಡಿದರೆ ತ್ರಿಕೋನ ಒಂದೇ ಬಗೆಯಲ್ಲಿ ನಿಲ್ಲಬಲ್ಲದು, ಅದರ ಕೋನಗಳಿಗೆ ಬೇರೆ ದಾರಿಯಿಲ್ಲ. ನಾಲ್ಕು ಬದಿಗಳಿಗೆ ಆ ಕಟ್ಟುಪಾಡಿಲ್ಲ. ಸೇತುವೆ, ವಿದ್ಯುತ್ ಗೋಪುರ, ಕ್ರೇನುಗಳ ಮೈತುಂಬ ತ್ರಿಕೋನಗಳಿರುವುದು ಇದರಿಂದಲೇ. ಈ ವಿವರಣೆಯನ್ನು ನಾಲ್ಕು ವರ್ಷದವರಿಗೆ ಕೊಡಲು ಹೋಗಬೇಡಿ. ಒಬ್ಬ ಹುಡುಗನಿಗೆ ವಾಲುವ ಚೌಕವನ್ನು ಕೊಟ್ಟು ಇದಕ್ಕೇನೋ ನಿದ್ದೆ ಬಂದಿದೆ, ಎದ್ದು ನಿಲ್ಲುವಂತೆ ಮಾಡುತ್ತೀಯಾ ಎಂದು ಕೇಳಿದ್ದೆ. ಅವನು ಅದನ್ನು ಗೋಡೆಗೆ ಒರಗಿಸಿದ, ನಾಲ್ಕೂ ಮೂಲೆಗೆ ಟೇಪು ಸುತ್ತಿದ, ಬೈದ. ಕೊನೆಗೆ ಇನ್ನೊಂದು ಕಡ್ಡಿ ತಂದು ಮೂಲೆಯಿಂದ ಮೂಲೆಗೆ ಅಡ್ಡ ಇಟ್ಟು ನೋಡಿದ. ಅದು ಗಿಡ್ಡವಾಯಿತು. ಉದ್ದನೆಯದೊಂದು ಬೇಕೆಂದು ಕೇಳಿದ. ಕರ್ಣ ಬದಿಗಿಂತ ಉದ್ದ ಎಂಬುದನ್ನು ಅವನು ಅಂದು ಯಾರಿಂದಲೂ ಕೇಳದೆ ಅರಿತ. ಕರ್ಣ ಎಂಬ ಪದ ಅವನಿಗೆ ಇನ್ನು ಐದಾರು ವರ್ಷ ಬಿಟ್ಟು ಸಿಗುತ್ತದೆ.

ರಟ್ಟಿನ ಪರವಾಗಿ ಇಷ್ಟು ವಕಾಲತ್ತು ಮಾಡಿದ ಮೇಲೆ ಅದರ ಕುಂದನ್ನೂ ಒಪ್ಪಿಕೊಳ್ಳಬೇಕು. ಮರದ ಇಟ್ಟಿಗೆಗಳ ತೂಕ, ನಿಖರತೆ ರಟ್ಟಿಗೆ ಬರುವುದಿಲ್ಲ. ಎತ್ತರದ ಗೋಪುರ ಕಟ್ಟಬೇಕಾದರೆ ರಟ್ಟಿನ ಇಟ್ಟಿಗೆ ಎಂಟನೆಯ ಸಾಲಿಗೇ ಓಲಾಡುತ್ತದೆ. ನನ್ನ ಕೋಣೆಯಲ್ಲಿ ಕೊಂಡು ತಂದ ಮರದ ತುಂಡುಗಳ ಒಂದು ಬುಟ್ಟಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯ ಆಟಿಕೆ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ, ಅದರ ಜೊತೆಗೆ ಒಂದು ಸಣಕಲು ತ್ರಿಕೋನ ಇರಲಿ, ಅಷ್ಟೇ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಜಿಪುಣಿ, ಒಂದಿಷ್ಟೂ ಸಡಿಲ ಬಿಡುವುದಿಲ್ಲ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಿಕೆಯ ತುಂಡುಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಅದರೊಳಗೆ ಇಡಿಯಾಗಿ ಇಳಿಯುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂದು ಲೆಕ್ಕ. ಮನೆಯಲ್ಲಿ ಟಿಶ್ಯೂ ಸುರುಳಿಯ ಕೊಳವೆಯನ್ನೇ ಬಳಸಿ. ಅದು ಸ್ವಲ್ಪ ಅಗಲ, ಆದ್ದರಿಂದ ಎಚ್ಚರಿಕೆಯ ಕಡೆಗೇ ವಾಲುತ್ತದೆ. ಅದರೊಳಗೆ ಬಿದ್ದುಹೋಗುವ ಯಾವುದೂ ಪುಟ್ಟ ಮಕ್ಕಳ ಕೈಗೆ ಬೇಡ. ವೃತ್ತ ತೋರಿಸಲು ಎಲ್ಲರೂ ಮೊದಲು ಎತ್ತಿಕೊಳ್ಳುವ ನೀರಿನ ಬಾಟಲಿಯ ಮುಚ್ಚಳ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅಗಲ ಬಾಯಿಯ ಡಬ್ಬಗಳ ಮುಚ್ಚಳ ಆಗಬಹುದು. ತಗಡಿನ ಡಬ್ಬದ ಕತ್ತರಿಸಿದ ಅಂಚು, ಸ್ಟೇಪ್ಲರ್ ಪಿನ್ನು, ಉದುರುವ ಥರ್ಮೋಕೋಲ್, ಔಷಧಿ ಅಥವಾ ಶುಚಿಗೊಳಿಸುವ ದ್ರಾವಣ ತುಂಬಿದ್ದ ಬಾಟಲಿಗಳು, ಇವುಗಳಿಗೆ ನನ್ನ ಮೇಜಿನ ಕೆಳಗೆ ಜಾಗವಿಲ್ಲ. ದಾರದ ಆಟ ನಡೆಯುವಾಗ ದೊಡ್ಡವರೊಬ್ಬರು ಜೊತೆಯಲ್ಲೇ ಇರಬೇಕು, ಆಟ ಮುಗಿದ ಮೇಲೆ ದಾರ ಮೇಲಿನ ಕಪಾಟಿಗೆ.

"ಕಸದಿಂದ ರಸ" ಎಂಬ ಮಾತಿನ ಬಗ್ಗೆ ನನಗೊಂದು ಸಣ್ಣ ಮುನಿಸಿದೆ. ಮಾತಿನ ತಪ್ಪಲ್ಲ, ಅದರ ಹೆಸರಿನಲ್ಲಿ ನಡೆಯುವ ಸ್ಪರ್ಧೆಗಳದು. ದೊಡ್ಡವರು ರಾತ್ರಿ ಕೂತು ಹೊಳೆಯುವ ಕಾಗದ ಅಂಟಿಸಿ, ಮಿಂಚು ಉದುರಿಸಿ, ಮುಟ್ಟಿದರೆ ಹಾಳಾಗುವಂಥ ವಸ್ತುವೊಂದನ್ನು ತಯಾರಿಸುತ್ತಾರೆ. ಅದಕ್ಕೆ ಬಹುಮಾನ ಬರುತ್ತದೆ, ಆಮೇಲೆ ಅದು ಗಾಜಿನ ಕಪಾಟು ಸೇರುತ್ತದೆ. ಮಗು ಅದನ್ನು ದೂರದಿಂದ ನೋಡಬೇಕು. ರಟ್ಟಿನ ಆಟಿಕೆ ಮೂರು ವಾರದಲ್ಲಿ ಜಜ್ಜಿ, ಹರಿದು, ಎಂಜಲಾಗಿ ಹೋಗಬೇಕು. ನಾನು ಇದುವರೆಗೆ ಕತ್ತರಿಸಿದ ತ್ರಿಕೋನಗಳಲ್ಲಿ ಯಾವುದೂ ಒಂದು ವರ್ಷ ಬಾಳಿಲ್ಲ. ಹರಿದರೆ ಏನು ಮಾಡುತ್ತೀರಿ ಎಂದು ಕೇಳುವವರೂ ಇದ್ದಾರೆ. ಇನ್ನೊಂದು ಪೆಟ್ಟಿಗೆ ಬಂದೇ ಬರುತ್ತದೆ.

ಹೆತ್ತವರಿಗಿರುವ ಇನ್ನೊಂದು ಆತಂಕ: "ಗುರುತು ಹಿಡಿಯುತ್ತಾನೆ, ಆದರೆ ಬರೆಯಲು ಬರುವುದಿಲ್ಲವಲ್ಲ?" ಬರುತ್ತದೆ, ಸಾಲಾಗಿ ಬರುತ್ತದೆ. ನೋಡಿ ಬರೆಯುವುದರಲ್ಲಿ ವೃತ್ತ ಸುಮಾರು ಮೂರನೆಯ ವರ್ಷಕ್ಕೆ, ಚೌಕ ನಾಲ್ಕರ ಆಸುಪಾಸಿಗೆ, ತ್ರಿಕೋನ ಐದಕ್ಕೆ, ವಜ್ರಾಕೃತಿ ಆರು ಏಳಕ್ಕೆ ಕೈಗೆ ಹತ್ತುತ್ತದೆ. ಕಣ್ಣಿಗೆ ಸಿಕ್ಕಿದ್ದು ಕೈಗೆ ಸಿಗಲು ಹೊತ್ತು ಬೇಕು, ಅದರಲ್ಲೂ ಓರೆ ಗೆರೆಗಳು ಹಟಮಾರಿಗಳು. ಅಲ್ಲಿಯವರೆಗೆ ಮುಚ್ಚಳವನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆಯಲಿ, ಮೊಂಡು ತುದಿಯ ಕತ್ತರಿ ಹಿಡಿದು ತೆಳು ರಟ್ಟನ್ನು ತಾವೇ ಕತ್ತರಿಸಲಿ.

ಮೊನ್ನೆ ಹಾಗೆಯೇ ಆಯಿತು. ಐದು ತುಂಬುತ್ತಿರುವ ಹುಡುಗನೊಬ್ಬ ತನ್ನ ರಟ್ಟಿನ ಗಾಡಿಗೆ ಚಕ್ರ ಬೇಕೆಂದು ಡಬ್ಬದ ಮುಚ್ಚಳದ ಸುತ್ತ ಗೆರೆ ಎಳೆದ. ಗೆರೆ ಚೆನ್ನಾಗಿಯೇ ಬಂತು. ಕತ್ತರಿ ಮಾತ್ರ ಬಳುಕಲಿಲ್ಲ, ನೇರ ನೇರ ಹೋಗಿ ಅಲ್ಲಲ್ಲಿ ತಿರುಗಿತು. ಕೈಗೆ ಬಂದ ಚಕ್ರಕ್ಕೆ ಏಳು ಮೂಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಅದನ್ನು ನೆಲದ ಮೇಲೆ ಉರುಳಿಸಿದ. ಟಕ್, ಟಕ್, ಟಕ್ ಎಂದು ಮೂರು ಹೆಜ್ಜೆ ಕುಂಟಿ ಅದು ಬಿದ್ದುಬಿಟ್ಟಿತು. ಎತ್ತಿಕೊಂಡು ಬೆರಳಿನಿಂದ ಅಂಚನ್ನು ಸವರಿದ, ಬೆರಳು ನಿಂತಲ್ಲೆಲ್ಲ ನಿಂತು ನೋಡಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ಏಳೂ ಮೂಲೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದ.